ಟಿವಿ ಆ್ಯಂಕರ್ ಆಗೋಕೆ ಯಾವ ಕೋರ್ಸ್ ಮಾಡಬೇಕು?

ಕೇಳುವವರು ಹೆಚ್ಚಾಗಿ ಪಿಯುಸಿ ಮುಗಿಸಿದ ಮಕ್ಕಳು, ಇಲ್ಲವೇ ಅವರ ಅಪ್ಪ-ಅಮ್ಮ. ಯಾವ ಪದವಿಯಾದರೂ ನಡೆಯುತ್ತದೆ, ಪತ್ರಿಕೋದ್ಯಮ ಓದಿದ್ದರೆ ಇನ್ನೂ ಒಳ್ಳೆಯದು. ಆದರೆ 'ಮೂರೇ ತಿಂಗಳಲ್ಲಿ ಆ್ಯಂಕರ್' ಎನ್ನುವ ಕಡೆ ಮಾತ್ರ ದುಡ್ಡು ಸುರಿಯಬೇಡಿ. ಕ್ಯಾಮೆರಾ ಮುಂದೆ ಹೇಗೆ ಕೂರಬೇಕೆಂದು ಚಾನೆಲ್‌ನವರೇ ಹೇಳಿಕೊಡುತ್ತಾರೆ. ಕಾಪಿ, ಅಂದರೆ ಓದಬೇಕಾದ ಸುದ್ದಿಯ ಬರಹ, ಬರೆಯುವುದನ್ನು ಕಲಿಸಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ದೂರದರ್ಶನವೊಂದೇ ಇದ್ದಾಗ ವಾರ್ತಾ ವಾಚಕರ ಮುಂದೆ ಬರೆದಿಟ್ಟ ಹಾಳೆ ಇರುತ್ತಿತ್ತು, ಸ್ಪಷ್ಟವಾಗಿ ಓದಿದರೆ ಸಾಕಿತ್ತು. 2006ರ ಕೊನೆಗೆ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದವು. ದಿನವಿಡೀ ಸುದ್ದಿ ಎಂದಮೇಲೆ ಬರೆದದ್ದು ಮುಗಿದರೂ ಮಾತು ನಿಲ್ಲುವಂತಿಲ್ಲ.

ಹಾಗಾಗಿ ಒಳಗೆ ಹೋಗಲು ಗಟ್ಟಿಯಾದ ಬಾಗಿಲು ಡೆಸ್ಕ್, ಅಂದರೆ ಸುದ್ದಿ ಬರೆದು ತಿದ್ದುವ ವಿಭಾಗ. ಆ್ಯಂಕರ್ ಲೀಡ್ ಎಂದರೆ ವರದಿಗೆ ಮೊದಲು ಆ್ಯಂಕರ್ ಓದುವ ಪೀಠಿಕೆ, ಸುಮಾರು 25 ಸೆಕೆಂಡು, ಕನ್ನಡದಲ್ಲಿ 40–45 ಪದ. ಅಷ್ಟರಲ್ಲಿ ಸುದ್ದಿ ಏನೆಂದು ಗೊತ್ತಾಗಬೇಕು, ಮುಂದಿನ ಪ್ಯಾಕೇಜ್‌ನ (ದೃಶ್ಯ ಸಹಿತ ವರದಿಯ) ಮೊದಲ ವಾಕ್ಯವನ್ನೇ ಮತ್ತೆ ಹೇಳಿದಂತಾಗಬಾರದು. 1,27,50,000 ಎಂದು, ಕ್ಯಾಮೆರಾ ಮುಂದೆ ಅಕ್ಷರ ತೋರಿಸುವ ಪ್ರಾಂಪ್ಟರ್‌ಗೆ ಹಾಕಿದರೆ ಓದುವವರು ಎಡವುವುದು ಖಂಡಿತ. 'ಒಂದೂಕಾಲು ಕೋಟಿಗೂ ಹೆಚ್ಚು' ಎಂದು ಬರೆಯಬೇಕು. ಇಷ್ಟು ಕೈಗೆ ಹತ್ತಿದವರಿಗೆ ವಾಯ್ಸ್ ಓವರ್ ಸಿಗುತ್ತದೆ. ಆಮೇಲೊಂದು ದಿನ ಬೆಳಗಿನ ಆರು ಗಂಟೆಯ ಬುಲೆಟಿನ್, ಅದೂ ಬಹುಮಟ್ಟಿಗೆ ಯಾರೋ ರಜೆ ಹಾಕಿದ್ದರಿಂದ.

ಆಡಿಷನ್‌ನಲ್ಲಿ ಪ್ರಾಂಪ್ಟರ್ ಓದಿಸುವುದು ಮೊದಲ ಅರ್ಧ ಮಾತ್ರ. ಆಮೇಲೆ ಅದನ್ನು ಆರಿಸಿ ಒಂದು ಸಾಲು ಕೊಡುತ್ತಾರೆ. 'ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿತ, ಮೂರು ನಿಮಿಷ ಮಾತಾಡಿ' ಎನ್ನುತ್ತಾರೆ ಅಂದುಕೊಳ್ಳಿ. ಹೆಚ್ಚಿನವರು ಅದೇ ಸಾಲನ್ನು ಆರು ಬಗೆಯಲ್ಲಿ ತಿರುಗಿಸಿ ಹೇಳುತ್ತಾರೆ. ತಿಳಿದವರು ಬೆಂಗಳೂರು–ಮಂಗಳೂರು ನಡುವಿನ ಹೆದ್ದಾರಿ 75 ಎನ್ನುತ್ತಾರೆ, ಸಕಲೇಶಪುರದಲ್ಲಿ ನಿಲ್ಲುವ ಲಾರಿಗಳು, ಚಾರ್ಮಾಡಿಯ ಬದಲಿ ದಾರಿ, ಅದೇ ಘಟ್ಟದಲ್ಲಿ ಹಾದುಹೋಗುವ ರೈಲು ಎಲ್ಲವನ್ನೂ ತರುತ್ತಾರೆ. ಮೂರು ನಿಮಿಷ ಸಾಲುವುದಿಲ್ಲ. ನಿಮ್ಮ ಊರ ಕಡೆಯ ಧಾಟಿ ಅಡ್ಡಿಯಾಗದು, ಅದನ್ನು ಅಳಿಸಲು ಹೆಣಗಬೇಡಿ. ಅಕಾರ-ಹಕಾರ ಅದಲುಬದಲಾದರೆ, ಶ-ಷ-ಸ ಒಂದೇ ಆದರೆ ಮಾತ್ರ ಕಷ್ಟ. ದಿನಕ್ಕೆ ಅರ್ಧ ಗಂಟೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಂಡರೆ ತಿದ್ದಿಕೊಳ್ಳಬಹುದು.

ನಿಜವಾದ ಪರೀಕ್ಷೆ ಲೈವ್‌ನಲ್ಲಿ. ಕಿವಿಯಲ್ಲಿ ಪಿಸಿಆರ್‌ನಿಂದ (ಪ್ರಸಾರ ನಿಯಂತ್ರಿಸುವ ಕೋಣೆ) ಪ್ರೊಡ್ಯೂಸರ್ 'ಫೋನೋ ರೆಡಿ, ಹತ್ತು ಸೆಕೆಂಡ್' (ಫೋನೋ ಎಂದರೆ ಫೋನ್ ಮೂಲಕ ನೇರಪ್ರಸಾರದಲ್ಲಿ ಮಾತಾಡಿಸುವುದು) ಎನ್ನುತ್ತಿರುವಾಗಲೇ ಬಾಯಲ್ಲಿ ವಾಕ್ಯ ಮುಗಿಯಬೇಕು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಪ್ರಕರಣದ ಬಗ್ಗೆ ಮಾತಾಡುತ್ತಿರುವ ಸ್ಥಳೀಯರೊಬ್ಬರು ತಟ್ಟನೆ ಮಗುವಿನ ಶಾಲೆಯ ಹೆಸರು ಹೇಳಿಬಿಟ್ಟರೆ? ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಹೆಸರಷ್ಟೇ ಅಲ್ಲ. ವಿಳಾಸ, ಫೋಟೊ, ಮನೆಯವರು, ಶಾಲೆ, ನೆರೆಹೊರೆ ಯಾವುದರಿಂದಲೂ ಗುರುತು ಹತ್ತಬಾರದು. ಆಗ ಮಾತನ್ನು ಅಲ್ಲೇ ತುಂಡರಿಸಿ ಫೋನೋ ಬಿಡಿಸಬೇಕು. ಆ ಹೆಸರನ್ನು ಮತ್ತೆ ಹೇಳಿ ಸ್ಪಷ್ಟನೆ ಕೊಡಲು ಹೊರಟರೆ ತಪ್ಪು ಎರಡು ಸಲ ಆಗುತ್ತದೆ. ಆ ಕ್ಲಿಪ್ ಮರುಪ್ರಸಾರಕ್ಕೂ ಯೂಟ್ಯೂಬಿಗೂ ಹೋಗದಂತೆ ಔಟ್‌ಪುಟ್‌ಗೆ (ಪ್ರಸಾರ ನೋಡಿಕೊಳ್ಳುವ ವಿಭಾಗಕ್ಕೆ) ಆಗಲೇ ತಿಳಿಸಬೇಕು.

ವರದಿಗಾರಿಕೆಯ ದಾರಿ ಬೇರೆ. ತಾಲ್ಲೂಕಿನ ಸ್ಟ್ರಿಂಗರ್‌ಗೆ ಸಾಮಾನ್ಯವಾಗಿ ಸಂಬಳವಿಲ್ಲ, ಸುದ್ದಿಗಿಷ್ಟು ಎಂದು ಕೊಡುತ್ತಾರೆ; ಅದನ್ನೇ ನೆಚ್ಚಿ ಮನೆ ನಡೆಸುವುದು ಕಷ್ಟ. ಸರ್ಕಾರಿ ಕಡೆ ಹೋಗುವ ಆಸೆಯಿದ್ದರೆ ಆಕಾಶವಾಣಿಯ ಪ್ರಾದೇಶಿಕ ಸುದ್ದಿ ವಿಭಾಗ ಆಗಾಗ ಹಂಗಾಮಿ ವಾರ್ತಾ ವಾಚಕ-ಭಾಷಾಂತರಕಾರರನ್ನು ಕರೆಯುತ್ತದೆ. ಅಲ್ಲಿ ಅನುವಾದದ ಲಿಖಿತ ಪರೀಕ್ಷೆಯೂ ಧ್ವನಿ ಪರೀಕ್ಷೆಯೂ ಇರುತ್ತವೆ.

ಇನ್ನು ಆಫರ್ ಲೆಟರ್. ಹುದ್ದೆ ಬರೀ 'ಆ್ಯಂಕರ್' ಎಂದಿದ್ದರೆ 'ಆ್ಯಂಕರ್ ಮತ್ತು ಕಾಪಿ ಎಡಿಟರ್' ಎಂದು ಬರೆಸಿಕೊಳ್ಳಲು ನೋಡಿ. ಟಿಆರ್‌ಪಿ ನೋಡಿ ಪ್ರೈಮ್ ಟೈಮ್‌ನ ಮುಖ ಬದಲಿಸುವವರು, ರನ್‌ಡೌನ್ (ಬುಲೆಟಿನ್ನಿನ ಸುದ್ದಿಗಳ ಸರದಿ ಪಟ್ಟಿ) ಕಟ್ಟಬಲ್ಲವರನ್ನು ಅಷ್ಟು ಸುಲಭಕ್ಕೆ ಕಳಿಸುವುದಿಲ್ಲ.