ಮೊಲಕ್ಕೆ ಜ್ವರ ಬರಿಸಿದ ಬ್ಯಾಚು

ಮೈಕ್ರೋಬಯಾಲಜಿ ಮೇಷ್ಟ್ರು ತೀರಿಕೊಂಡರು ಅಂತ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಅವತ್ತಿಂದ ಎಲ್ಲರೂ ಅವರ ಮಾತನ್ನೇ ಆಡ್ತಿದ್ದೇವೆ. ಸಿಲಬಸ್ ಒಬ್ಬರಿಗೂ ನೆನಪಿಲ್ಲ. 1888ರ ಪ್ಯಾರಿಸ್ ಮಾತ್ರ ಎಲ್ಲರಿಗೂ ನೆನಪಿದೆ, ಯಾಕಂದರೆ ಅವರು ಅದನ್ನು ತಾವೇ ಅಲ್ಲಿದ್ದವರ ಹಾಗೆ ಹೇಳುತ್ತಿದ್ದರು.

ಗಂಟಲಮಾರಿ (ಡಿಫ್ತೀರಿಯಾ) ಬಂದವರ ಗಂಟಲಲ್ಲಿ ಮಾತ್ರ ರೋಗಾಣು ಸಿಗುತ್ತದೆ, ಆದರೆ ಹಾಳಾಗೋದು ಹೃದಯ, ನರ. ಹೇಗೆ? ಅವತ್ತಿನ ಪ್ಯಾರಿಸ್‌ನ ವಿಜ್ಞಾನಿಗಳಾದ ರೂ ಮತ್ತು ಯೆರ್ಸಿನ್ ಇಬ್ಬರೂ ಆ ರೋಗಾಣುವಿನ ಕಲ್ಚರ್ ಬೆಳೆದ ಬ್ರಾತ್ (ರೋಗಾಣು ಬೆಳೆಸುವ ಸಾರು) ಅನ್ನು ಪಿಂಗಾಣಿ ಫಿಲ್ಟರಿನಲ್ಲಿ ಸೋಸಿ, ಒಂದೂ ಬ್ಯಾಕ್ಟೀರಿಯಾ ಇಲ್ಲದ ಆ ತಿಳಿಯನ್ನು ಗಿನಿಪಿಗ್‌ಗಳಿಗೆ ಚುಚ್ಚಿದರು. ಎಳೆಯ ಕಲ್ಚರಿನದ್ದಾದರೆ ತುಂಬಾ ಬೇಕಾಯಿತು. ವಾರಗಟ್ಟಲೆ ಬೆಳೆಸಿದ್ದು ಸ್ವಲ್ಪವೇ ಸಾಕಾಯಿತು, ಪ್ರಾಣಿಗಳು ಸತ್ತವು. "ಕೊಂದಿದ್ದು ರೋಗಾಣು ಅಲ್ಲ ಕಣ್ರಯ್ಯಾ, ಅದು ಬಿಟ್ಟ ವಿಷ" ಅಂತ ಮೇಜು ಕುಟ್ಟೋರು. ಅದೇ ವಿಷಕ್ಕೆ ಇಲಿ ಅಷ್ಟಾಗಿ ಜಗ್ಗಲ್ಲ. ಧನುರ್ವಾಯುವಿನ ವಿಷಕ್ಕೆ ಕುದುರೆ ಬೇಗ ಬೀಳುತ್ತೆ, ಕೋಳಿ ತಡೆದುಕೊಳ್ಳುತ್ತೆ. ಯಾವ ಪ್ರಾಣಿ ಅಂತ ಹೇಳದೆ ವಿಷದ ಪ್ರಮಾಣ ಬರೆದರೆ ರೆಕಾರ್ಡ್ ವಾಪಸ್ ಬರೋದು.

ಈಗ ಮೊಲದ ಕಥೆ. ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದಲ್ಲೇ ಎಂಡೋಟಾಕ್ಸಿನ್ ಅನ್ನೋ ಜ್ವರ ಬರಿಸುವ ವಿಷ ಇರುತ್ತದೆ, ಕುದಿಸಿ ಕೊಂದರೂ ಅದು ಹೋಗಲ್ಲ. ಹಾಗಾಗಿ ಇಂಜೆಕ್ಷನ್ ಔಷಧಿಯಲ್ಲಿ ಅದು ಉಳಿದಿದೆಯಾ ಅಂತ ನೋಡೋಕೆ ಮೊಲದ ಕಿವಿಯ ರಕ್ತನಾಳಕ್ಕೆ ಚುಚ್ಚಿ ಜ್ವರ ಅಳೆಯುತ್ತಿದ್ದರು. ಪ್ರಾಕ್ಟಿಕಲ್ ದಿನ ಮೇಷ್ಟ್ರು ಬರೋ ಮುಂಚೆ ನಮ್ಮ ಹಿಂದಿನ ಬೆಂಚಿನವರು ಮೊಲವನ್ನು ಬಿಟ್ಟು ಲ್ಯಾಬ್ ತುಂಬಾ ಅಟ್ಟಾಡಿಸಿದರು. ಬಾಗಿಲಲ್ಲಿ ಕಾವಲು ನಾನು. ಮೇಷ್ಟ್ರು ಥರ್ಮಾಮೀಟರ್ ನೋಡಿದರು, ನಮ್ಮ ಬೆವರು ನೋಡಿದರು. "ಇನ್ನೂ ಚುಚ್ಚೇ ಇಲ್ಲ, ಆಗಲೇ ಜ್ವರ! ಯಾರ್ರೀ ಓಡಿಸಿದ್ದು?" ಬೈಯುತ್ತಾರೆ ಅಂದುಕೊಂಡರೆ, ಹೆದರಿದ ಮೊಲದ ಮೈ ಯಾಕೆ ಬಿಸಿಯಾಗುತ್ತೆ, ಪರೀಕ್ಷೆಗೆ ಮುಂಚೆ ಅದನ್ನು ಯಾಕೆ ಸುಮ್ನೆ ಬಿಡಬೇಕು ಅಂತ ಇಡೀ ಪೀರಿಯಡ್ ಪಾಠ ಮಾಡಿದರು. ಆಮೇಲೆ ಒಂದು ತಿಂಗಳು ಬೋನು ತೊಳೆಯೋ ಕೆಲಸ ನಮ್ಮದೇ ಆಯಿತು ಬಿಡಿ.

ಈಗ ನಾನು ಲಸಿಕೆ ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ನನ್ನನ್ನು ಕೇಳದೆ ಇಲ್ಲಿ ಯಾರೂ ರಿಪೋರ್ಟಿಗೆ ಸಹಿ ಹಾಕಲ್ಲ, ಹೇಳಿಕೊಳ್ಳಬಾರದು, ಆದರೂ ಹೇಳ್ತೀನಿ. ಮೊಲದ ಪರೀಕ್ಷೆಯ ಜಾಗಕ್ಕೆ ಹೆಚ್ಚಿನ ಕಡೆ ಕುದುರೆಲಾಳದ ಏಡಿಯ ರಕ್ತದಿಂದ ಮಾಡಿದ ಪರೀಕ್ಷೆ ಬಂದಿದೆ. ಮೊಲಗಳಿಗೆ ಒಳ್ಳೆಯದೇ ಆಯಿತು, ಏಡಿಗಳನ್ನು ಕೇಳಿದವರಿಲ್ಲ.

ಹೊಸಬರು ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಕಾಲರಾ ವಿಷದ ರಚನೆ ಕೇಳಿದರೆ ಸ್ಲೈಡ್ ಕಣ್ಮುಂದೆ ಇದ್ದ ಹಾಗೆ ಒಪ್ಪಿಸುತ್ತಾರೆ. ಅದು ವಿಷ ಅಂತ ಗೊತ್ತಾಗಿದ್ದು ಹೇಗೆ ಅಂದರೆ ಮುಖ ಮುಖ ನೋಡುತ್ತಾರೆ. ಕಾಲರಾದಲ್ಲಿ ವಿಷ ಇರಬೇಕು ಅಂತ ಜರ್ಮನಿಯ ರೋಗಾಣು ವಿಜ್ಞಾನಿ ಕಾಕ್ 1884ರಲ್ಲೇ ಊಹಿಸಿದ್ದರು. ಅದನ್ನು ತೋರಿಸಿಕೊಟ್ಟಿದ್ದು 1959ರಲ್ಲಿ, ಕಲ್ಕತ್ತಾದ ಶಂಭುನಾಥ ಡೇ. ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಕಾಲರಾ ರೋಗಾಣುವಿನ ಕಲ್ಚರ್ ಸೋಸಿದ ತಿಳಿಯನ್ನು ಅದರೊಳಗೆ ಬಿಟ್ಟರು, ಕರುಳು ನೀರು ತುಂಬಿ ಉಬ್ಬಿತು. ಅಷ್ಟೇ ಪ್ರಯೋಗ! ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಎರಡು ದಿನ ಅಳಿಸೋಕೆ ಬಿಟ್ಟಿರಲಿಲ್ಲ. ಪರೀಕ್ಷೆಗೆ ಅದು ಬರಲೇ ಇಲ್ಲ.