ಎತ್ತಿನ ಭುಜ: ಕೊನೆಗೆ ಎರಡೂ ಕೈ ಬೇಕು

ಎತ್ತರ ನೋಡಿಕೊಂಡು ಬೆಟ್ಟ ಆರಿಸಬೇಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಮುಳ್ಳಯ್ಯನಗಿರಿ 1,930 ಮೀಟರ್, ಇಡೀ ಕರ್ನಾಟಕಕ್ಕೇ ಎತ್ತರ. ಆದರೆ ಗಾಡಿ ಹೆಚ್ಚುಕಮ್ಮಿ ತುದಿಯ ಹತ್ತಿರಕ್ಕೇ ಹೋಗುತ್ತದೆ, ಆಮೇಲೆ ಮೆಟ್ಟಿಲು. ವಯಸ್ಸಾದ ಅಜ್ಜಿಯರೂ ಅಲ್ಲಲ್ಲಿ ಕೂತು ಹತ್ತಿ ದೇವರಿಗೆ ಕೈಮುಗಿದು ಬರುತ್ತಾರೆ. ಮೂಡಿಗೆರೆ ತಾಲ್ಲೂಕಿನ ಎತ್ತಿನ ಭುಜ ಸುಮಾರು 1,300 ಮೀಟರ್ ಅಷ್ಟೇ. ಆದರೆ ಅಲ್ಲಿ ಬರೀ ಕಾಲು ಸಾಲದು.

ಹಾಸನದಿಂದ ಹೊರಟಿದ್ದು ನಾನು, ಭಾವ, ಚಿಕ್ಕಪ್ಪನ ಮಗ. ನವೆಂಬರ್ ಕೊನೆ, ಇನ್ನೂ ಕತ್ತಲು. ಸಕಲೇಶಪುರದಲ್ಲಿ ಕಡುಬು ತಿಂದು, ಹಾನುಬಾಳ್ ದಾಟಿ, ಕಾಫಿ ತೋಟಗಳ ನಡುವೆ ಬೈರಾಪುರದ ಕಡೆ ತಿರುಗಿದೆವು. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಹಣ್ಣಾಗುತ್ತಿದ್ದ ಅರೇಬಿಕಾ. ರಸ್ತೆ ಕಿರಿದು, ಎದುರಿಗೆ ಪಿಕಪ್ ಬಂದರೆ ಯಾರಾದರೂ ಒಬ್ಬರು ರಿವರ್ಸ್ ಹೋಗಲೇಬೇಕು. ಈ ಕಡೆ ಬೆಳಿಗ್ಗೆ ಯಾರನ್ನು ಮಾತಾಡಿಸಿದರೂ ಮೊದಲು ಆನೆ ಸುದ್ದಿ. ನಿನ್ನೆ ಯಾವ ತೋಟದಲ್ಲಿತ್ತು, ಇವತ್ತು ಎಲ್ಲಿಗೆ ದಾಟಿದೆ, ಎಷ್ಟಿವೆ. ನಮಗೆ ಅದು ಕಥೆ, ಅಲ್ಲಿ ಕೆಲಸಕ್ಕೆ ಹೋಗುವವರಿಗೆ ಅದು ದಿನದ ಲೆಕ್ಕಾಚಾರ.

ಭೈರವೇಶ್ವರ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿ ನಡಿಗೆ ಶುರು. ಊರಿನ ಹುಡುಗನೊಬ್ಬ ದಾರಿ ತೋರಿಸಲು ಜೊತೆಗೆ ಬಂದ. ಮಾತು ಕಮ್ಮಿ, ಕಾಲಿಗೆ ಹವಾಯಿ ಚಪ್ಪಲಿ. ಭಾವ ಹೊಸದಾಗಿ ತಗೊಂಡಿದ್ದ ಶೂಸ್ ಕಡೆ ಒಮ್ಮೆ ನೋಡಿ ಸುಮ್ಮನಾದ. ಮೊದಲು ಜೀಪು ದಾರಿ, ಆಮೇಲೆ ಕಾಡು. ಒಳಗೆ ನೆಲ ಇನ್ನೂ ಒದ್ದೆ, ಉಂಬಳ (ಜಿಗಣೆ) ಮಳೆಗಾಲದಷ್ಟು ಇಲ್ಲದಿದ್ದರೂ ನಿಂತರೆ ಹತ್ತುತ್ತವೆ. ಸುಣ್ಣ ಹೊಗೆಸೊಪ್ಪು ಕಲಸಿ ಸಾಕ್ಸ್‌ಗೆ ಹಚ್ಚಿಕೊಂಡಿದ್ದರಿಂದ ಬಚಾವ್. ಒಂದು ಕಡೆ ದಾರಿ ಪಕ್ಕದಲ್ಲೇ ಬಗನಿ ಮರ ಬಿದ್ದಿತ್ತು. ಆನೆ ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನೆಲ್ಲ ತಿಂದು, ನಾರು ಮಾತ್ರ ಬಿಟ್ಟಿತ್ತು. ನಾರು ಮುಟ್ಟಿದರೆ ಇನ್ನೂ ಹಸಿ. "ಹೋಗಿರುತ್ತೆ ಬನ್ನಿ ಅಣ್ಣ" ಅಂದ ಹುಡುಗ. ಹೋಗಿರುತ್ತೆ ಅಂದನೇ ಹೊರತು ಹೋಗಿದೆ ಅನ್ನಲಿಲ್ಲ, ಅದನ್ನು ಭಾವ ಗಮನಿಸಿದರು, ಅಲ್ಲಿಂದ ಹುಲ್ಲುಗಾವಲು ಸಿಗೋವರೆಗೆ ಅವರು ಒಂದು ಸಲವೂ ಸುಸ್ತು ಅನ್ನಲಿಲ್ಲ.

ಕಾಡು ಮುಗಿದ ಕೂಡಲೇ ಎದುರಿಗೆ ಬೆಟ್ಟ. ಡುಬ್ಬ ಎತ್ತಿ ನಿಂತ ಎತ್ತೇ ಸರಿ, ಹೆಸರಿಟ್ಟವರು ಜಾಸ್ತಿ ಯೋಚನೆ ಮಾಡಿರಲಿಕ್ಕಿಲ್ಲ. ಮೊಣಕಾಲೆತ್ತರದ ಹುಲ್ಲು ಆಗಲೇ ಹಳದಿಗೆ ತಿರುಗುತ್ತಿತ್ತು, ಪಶ್ಚಿಮದ ಗಾಳಿಗೆ ಒಂದೇ ಕಡೆ ಬಾಗಿತ್ತು. ಇಲ್ಲಿ ನೆರಳಿಲ್ಲ, ನೀರಿಲ್ಲ. ಆದ್ದರಿಂದ ಬೆಳಿಗ್ಗೆಯೇ ಹತ್ತಬೇಕು, ತಲಾ ಎರಡು ಲೀಟರ್ ಹೊರಬೇಕು.

ಬಂಡೆಯ ಬುಡಕ್ಕೆ ಬಂದ ಮೇಲೆ ಹುಡುಗ ನಿಂತು, "ಕೈಯಲ್ಲಿ ಏನೂ ಇಟ್ಕೋಬೇಡಿ" ಅಂದ. ಮೊಬೈಲ್, ಕೋಲು, ಬಾಟಲಿ ಎಲ್ಲ ಬ್ಯಾಗಿಗೆ ಹೋಯಿತು. ಮೇಲೆ ನೋಡಿದರೆ ಹೆದರುವಂಥದ್ದೇನಲ್ಲ. ಹತ್ತುವ ಕಡೆ ತೀರಾ ಗೋಡೆ ಥರ ಇಲ್ಲ, ಹಗ್ಗವೂ ಬೇಡ. ಆದರೆ ಒಂದು ಪಕ್ಕದಲ್ಲಿ ನೆಲ ಇದ್ದಕ್ಕಿದ್ದಂತೆ ಮುಗಿಯುತ್ತದೆ, ಆಮೇಲೆ ಬರೀ ಗಾಳಿ. ಬಂಡೆಯ ಮೈತುಂಬ ಕಲ್ಲುಹೂವು. ಒಣಗಿದ್ದಾಗ ಅದು ಒರಟು, ಶೂಸ್ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಇಬ್ಬನಿ ಬಿದ್ದಿದ್ದರೆ, ಅದಕ್ಕಿಂತ ಮಳೆ ಬಂದಿದ್ದರೆ, ಅದೇ ಕಲ್ಲಿನ ಮೇಲೆ ಕಾಲು ನಿಲ್ಲಲ್ಲ. ಮಳೆಗಾಲದ ಫೋಟೋ ನೋಡಿ ಆಸೆಪಟ್ಟು ಜುಲೈನಲ್ಲಿ ಬರುವವರಿಗೆ ನನ್ನ ನಮಸ್ಕಾರ.

ಹುಡುಗನ ಪಾಠ ಚಿಕ್ಕದು. ಎರಡು ಕೈ, ಎರಡು ಕಾಲು, ಇದರಲ್ಲಿ ಮೂರು ಗಟ್ಟಿ ಇದ್ದರೆ ಮಾತ್ರ ನಾಲ್ಕನೆಯದನ್ನು ಎತ್ತಬೇಕು. ಹುಲ್ಲು ಹಿಡೀಬಾರದು. ಕಲ್ಲಿನ ಸೀಳಿನಲ್ಲಿ ಬೆಳೆದ ಹುಲ್ಲು ನೋಡೋಕೆ ಗಟ್ಟಿ ಕಾಣುತ್ತೆ, ಆದರೆ ಅದರ ಕೆಳಗಿರೋದು ಬೆರಳುದ್ದದ ಮಣ್ಣು. ನಾನು ಒಂದು ಕಡೆ ಬಲಗೈಯನ್ನು ಸೀಳಿನೊಳಗೆ ಮಣಿಕಟ್ಟಿನವರೆಗೆ ತೂರಿಸಿ, ಮುಷ್ಟಿ ಬಿಗಿದು, ಎಡಗಾಲಿಗೆ ಜಾಗ ಹುಡುಕುತ್ತಿದ್ದೆ. ಅಷ್ಟರಲ್ಲಿ ಒಳಗಿಂದ ಸಣ್ಣ ಕೆಂಪಿರುವೆಗಳು ಒಂದೊಂದೇ ಬೆರಳ ಸಂದಿಯಿಂದ ಹೊರಟವು. ಕೈ ಬಿಡೋ ಹಾಗಿಲ್ಲ, ಕೊಡವೋ ಹಾಗಿಲ್ಲ. ಕಚ್ಚಿಸಿಕೊಂಡೇ ಕಾಲಿಟ್ಟೆ. ಚಿಕ್ಕಪ್ಪನ ಮಗ ಮೇಲಿಂದ "ಏನಣ್ಣ, ಬೈತಿದ್ದೀಯ ಯಾರಿಗೆ?" ಅಂತ ಕೇಳಿದ.

ತುದಿಯಲ್ಲಿ ಜಾಗ ಜಾಸ್ತಿ ಇಲ್ಲ, ನಿಂತರೆ ಗಾಳಿ ತಳ್ಳುತ್ತದೆ. ನಾವು ಕೂತೆವು. ಪೂರ್ವಕ್ಕೆ ನಾವು ಬಂದ ತೋಟಗಳ ಹಸಿರು, ನಿಧಾನಕ್ಕೆ ಇಳಿಯುವ ನೆಲ. ಪಶ್ಚಿಮಕ್ಕೆ ಆ ನಿಧಾನವೇ ಇಲ್ಲ, ಘಟ್ಟ ನೇರ ದಕ್ಷಿಣ ಕನ್ನಡಕ್ಕೆ ಕುಸಿಯುತ್ತದೆ. ಅಮೇದಿಕಲ್ಲು ಬೆಟ್ಟ ಮಂಜಿನಿಂದ ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಕೆಳಗೆ ಶಿಶಿಲ, ಕಪಿಲಾ ನದಿ. ಅಲ್ಲಿಯ ಶಿಶಿಲೇಶ್ವರ ದೇವಸ್ಥಾನದ ಮುಂದೆ ನದಿಯಲ್ಲಿ ದೇವರ ಮೀನುಗಳಿವೆ, ಯಾರೂ ಹಿಡಿಯುವುದಿಲ್ಲ. ಆ ಕಪಿಲೆ ಮುಂದೆ ನೇತ್ರಾವತಿ ಸೇರಿ ಮಂಗಳೂರಿಗೆ ಹೋಗುತ್ತಾಳೆ. ನಮ್ಮ ಹೇಮಾವತಿಯೂ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯಲ್ಲಿ, ಆದರೆ ಅವಳು ಹಾಸನದ ಕಡೆ ತಿರುಗಿ ಗೊರೂರು ದಾಟಿ ಕಾವೇರಿ ಸೇರುತ್ತಾಳೆ. ಶಿಶಿಲದಿಂದ ಬೈರಾಪುರಕ್ಕೆ ಈ ಕಾಡಿನಲ್ಲೇ ಘಾಟಿ ರಸ್ತೆ ಮಾಡಬೇಕು ಅನ್ನುವ ಮಾತು ಹಳೆಯದು, ವಿರೋಧವೂ ಅಷ್ಟೇ ಹಳೆಯದು. ಮೇಲೆ ಕೂತು ಆ ಇಳಿಜಾರು ನೋಡಿದರೆ ನನಗಂತೂ ಬೇಡ ಅನ್ನಿಸಿತು. ಚಾರ್ಮಾಡಿ, ಶಿರಾಡಿ ಎರಡರಲ್ಲೂ ಪ್ರತಿ ಮಳೆಗಾಲ ಗುಡ್ಡ ಜಾರೋದು ನೋಡ್ತಾನೇ ಇದ್ದೀವಲ್ವಾ.

ನಿಜವಾದ ಕೆಲಸ ಇಳಿಯೋದು. ಹತ್ತುವಾಗ ಹಿಡಿತ ಕಣ್ಣೆದುರಿಗಿರುತ್ತದೆ, ಇಳಿಯುವಾಗ ಅದು ಕಾಲಡಿಯಲ್ಲಿ ಎಲ್ಲೋ ಇರುತ್ತದೆ. ಭಾವ ಕೂತು ಜಾರಲು ಶುರು ಮಾಡಿದರು. "ಹಂಗಲ್ಲ ಸರ್, ಬಂಡೆ ಕಡೆ ಮುಖ ಮಾಡಿ" ಅಂತ ಹುಡುಗ ಹೇಳಿ, ಕೆಳಗೆ ನಿಂತು ಅವರ ಪಾದ ಹಿಡಿದು ಒಂದೊಂದೇ ಜಾಗದಲ್ಲಿ ಇಡಿಸಿದ. ಬುಡ ಮುಟ್ಟೋ ಹೊತ್ತಿಗೆ ಭಾವನ ಪ್ಯಾಂಟಿನ ಹಿಂಭಾಗ ಆಗಲೇ ಹೋಗಿತ್ತು. ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡರು.

ಹೋಗುವವರು ಒಂದು ನೋಡಿಕೊಳ್ಳಿ. ಈಗ ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬಂದಿದೆ. ಮಳೆ ಜೋರಾದಾಗ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಇದ್ದಾಗ ದಾರಿ ಮುಚ್ಚುವುದುಂಟು, ಅಲ್ಲಿವರೆಗೆ ಹೋಗಿ ಜಗಳ ಆಡಿ ಪ್ರಯೋಜನ ಇಲ್ಲ. ಸ್ಪೀಕರ್ ದಯವಿಟ್ಟು ಮನೆಯಲ್ಲೇ ಬಿಡಿ. ಬಿಸಿಲಿರುವಾಗಲೇ ಕಾಡು ದಾಟಿ ಊರು ಸೇರಿ, ಆನೆಗಳ ಹೊತ್ತು ಸಂಜೆ.

ಹಾನುಬಾಳ್‌ನಲ್ಲಿ ಕಾಫಿ ಕುಡಿಯುವಾಗ ಚಿಕ್ಕಪ್ಪನ ಮಗ ಮುಂದಿನ ಸಲ ಶಿಶಿಲದ ಕಡೆಯಿಂದ ಹತ್ತೋಣ ಅಂದ. ಬೈರಾಪುರ ಘಟ್ಟದ ಮೇಲಿದೆ, ಅರ್ಧ ಎತ್ತರ ಗಾಡಿಯೇ ಹತ್ತಿಬಿಡುತ್ತೆ. ಶಿಶಿಲದಿಂದಾದರೆ ಸಾವಿರ ಮೀಟರ್‌ಗಿಂತ ಜಾಸ್ತಿ ಕಾಲಲ್ಲೇ ಹತ್ತಬೇಕು. ಭಾವ ಲೋಟ ಕೆಳಗಿಟ್ಟು, "ನೀವು ಹತ್ತಿ, ನಾನು ಮೀನಿಗೆ ಮಂಡಕ್ಕಿ ಹಾಕ್ಕೊಂಡು ಕೂತಿರ್ತೀನಿ" ಅಂದರು.