2.1 ಮೈಕ್ರಾನಿನಲ್ಲಿ ತಗ್ಗು ಕಂಡರೆ ಮೊದಲು ರೇಡಿಯನ್ಸ್ ಫೈಲ್ ತೆಗೆಯಿರಿ

ಮಂಗಳವನ್ನು ಸುತ್ತುವ ನೌಕೆಯ ರೋಹಿತಮಾಪಕ ಕ್ರಿಸಂನ ಡೇಟಾದಲ್ಲಿ ಅಲ್ಲಿನ ಖನಿಜ ಹುಡುಕುವ ನಮ್ಮಂಥವರಿಗೆ 2015ರ ಪರ್ಕ್ಲೋರೇಟ್ ಪ್ರಕರಣ ಇನ್ನೂ ಚುಚ್ಚುತ್ತದೆ. ಬಿಸಿಲುಗಾಲದಲ್ಲಿ ಇಳಿಜಾರಿನುದ್ದಕ್ಕೂ ಬೆಳೆದು ಚಳಿಗೆ ಮಾಸುವ ಕಪ್ಪು ಗೆರೆಗಳಲ್ಲಿ ಪರ್ಕ್ಲೋರೇಟ್ ಎಂಬ ನೀರು ಹಿಡಿದ ಉಪ್ಪು ಸಿಕ್ಕಿದೆ ಎಂದು ಆ ಸೆಪ್ಟೆಂಬರಿನಲ್ಲಿ ನಾಸಾ ಪತ್ರಿಕಾಗೋಷ್ಠಿಯನ್ನೇ ಕರೆದಿತ್ತು. ಆಧಾರ ಬೆಳಕಿನ ರೋಹಿತದಲ್ಲಿ 1.9 ಮತ್ತು 2.1 ಮೈಕ್ರಾನ್ ತರಂಗಾಂತರದ ಆಸುಪಾಸಿನ ತಗ್ಗುಗಳು, ಅಂದರೆ ಖನಿಜ ಬೆಳಕು ಹೀರಿದ ಜಾಗಗಳು. ಗೆರೆಯ ಅಗಲ ಸಾಮಾನ್ಯವಾಗಿ 5 ಮೀಟರ್ ದಾಟುವುದಿಲ್ಲ, ಕ್ರಿಸಂನ ಪಿಕ್ಸೆಲ್ 18 ಮೀಟರ್. ಅನುಮಾನ ಅಲ್ಲೇ ಹುಟ್ಟಬೇಕಿತ್ತು.

2018ರಲ್ಲಿ ಗುಟ್ಟು ಹೊರಬಿತ್ತು. ರೇಡಿಯನ್ಸನ್ನು (ಉಪಕರಣಕ್ಕೆ ತಲುಪಿದ ಬೆಳಕನ್ನು) ಐ/ಎಫ್‌ಗೆ (ಬಿದ್ದ ಬಿಸಿಲಿಗೆ ಹೋಲಿಸಿದ ಪ್ರಮಾಣಕ್ಕೆ) ಬದಲಿಸುವಾಗ ಡೇಟಾ ಸಂಸ್ಕರಿಸುವ ಪೈಪ್‌ಲೈನ್ ಒಂದು ಫಿಲ್ಟರ್ ಓಡಿಸುತ್ತದೆ. ಕಿರಿದಾದ ಸ್ಪೈಕನ್ನು ಅದು ಪಕ್ಕದ ಚಾನೆಲ್‌ಗಳಿಗೂ ಸವರಿ, ಅಗಲದಲ್ಲೂ ಆಳದಲ್ಲೂ ಅಸಲಿ ಖನಿಜದಂತೆ ಕಾಣುವ ತಗ್ಗು ಮಾಡಿಡುತ್ತದೆ. ಇದು ಆಗುವುದು ಶೇ 0.05ಕ್ಕಿಂತ ಕಡಿಮೆ ಪಿಕ್ಸೆಲ್‌ಗಳಲ್ಲಿ. ಆದರೆ ಪರೀಕ್ಷಿಸಿದ ಚಿತ್ರಗಳ ಪೈಕಿ ಶೇ 90ರಲ್ಲಿ ಇತ್ತು. ಹೊಳಪು ಥಟ್ಟನೆ ಬದಲಾಗುವ ಕಡೆ ಹೆಚ್ಚು. ಕುಳಿಯ ಕಡಿದಾದ ಗೋಡೆ ಎಂದರೆ ಅದೇ ತಾನೆ! ಚಿತ್ರವಿಡೀ ಜಾಲಾಡಿ ಚೆನ್ನಾಗಿ ಕಾಣುವ ನಾಲ್ಕು ಪಿಕ್ಸೆಲ್ ಹೆಕ್ಕುವುದು ನಮ್ಮ ರೂಢಿ. ಹಾಗೆ ಹೆಕ್ಕಿದರೆ ಆ ಶೇ 0.05ರದ್ದೇ ಕೈಗೆ ಬರುತ್ತದೆ.

ಹಾಗಾಗಿ ರೇಶಿಯೋ ತೆಗೆಯುವಾಗ, ಅಂದರೆ ಒಂದು ಜಾಗದ ರೋಹಿತವನ್ನು ಇನ್ನೊಂದರದ್ದರಿಂದ ಭಾಗಿಸುವಾಗ, ಛೇದಕ್ಕೆ ಅದೇ ಕಾಲಂನ ಧೂಳು ಹೊದ್ದ ಪಿಕ್ಸೆಲ್‌ಗಳನ್ನೇ ಹಿಡಿಯಿರಿ. ಕಾಲಂ ಬದಲಾದರೆ ಡಿಟೆಕ್ಟರಿನ ದೋಷವೂ ಬದಲಾಗುತ್ತದೆ. ಒಂಟಿ ಪಿಕ್ಸೆಲ್ ನಂಬಬೇಡಿ. ಅದೇ ನೌಕೆಯ ಹೆಚ್ಚು ಸೂಕ್ಷ್ಮ ಕ್ಯಾಮೆರಾ ಹೈರೈಸ್‌ನ ಚಿತ್ರದ ಮೇಲೆ ಕೂರಿಸಿದಾಗ ಗುರುತು ಯಾವುದೋ ಒಂದು ಪದರದ ಜಾಡಿನಲ್ಲೇ ಸಾಗಬೇಕು. ಕೊನೆಗೆ ರೇಡಿಯನ್ಸಿನಲ್ಲೂ ತಗ್ಗು ಉಳಿಯಬೇಕು. ಇನ್ನೊಂದು ಫೈಲ್ ಇಳಿಸಿಕೊಳ್ಳಲು ಬೇಸರಪಟ್ಟು ಇದನ್ನು ಬಿಡುವವರು ಈಗಲೂ ಇದ್ದಾರೆ. ಈ ಒರೆಗೆ ಹಚ್ಚಿದಾಗ ಅಲುನೈಟ್, ಕೀಸರೈಟ್, ಸರ್ಪೆಂಟೈನ್ ಖನಿಜಗಳ ಹಳೆಯ ಗುರುತುಗಳು ಬಹುಪಾಲು ಉಳಿದವು. ಪರ್ಕ್ಲೋರೇಟ್ ಹೆಚ್ಚುಕಡಿಮೆ ಪೂರಾ ಹೋಯಿತು. ಆ ಗೆರೆಗಳು ಒಣ ಮರಳು ನಿಲ್ಲುವ ಇಳಿಜಾರಿನಲ್ಲೇ ನಿಲ್ಲುತ್ತವೆ ಎಂದು 2017ರಲ್ಲೇ ಅಳೆದು ತೋರಿಸಿದ್ದರು.

ಉಲ್ಟಾ ಪ್ರಮಾದವೂ ಉಂಟು. ಗೇಲ್ ಕುಳಿಯ ಯೆಲ್ಲೋನೈಫ್ ಬೇನಲ್ಲಿ ಕಕ್ಷೆಯಿಂದ ಜೇಡಿಯ ಗುರುತು ಕಂಡಿರಲಿಲ್ಲ. 2013ರ ಫೆಬ್ರುವರಿಯಲ್ಲಿ ಕ್ಯೂರಿಯಾಸಿಟಿ ರೋವರ್ ಅಲ್ಲಿನ ಕೆಸರುಗಲ್ಲಿಗೆ 6.4 ಸೆಂಟಿಮೀಟರ್ ಆಳದ ತೂತು ಕೊರೆಯಿತು. ಕೆಂಪು ಮೇಲ್ಮೈ ಕೆಳಗಿನಿಂದ ಬೂದು ಪುಡಿ ಬಂತು. ಎಕ್ಸ್‌ರೇಗೆ ಒಡ್ಡಿದಾಗ ಅದರಲ್ಲಿ ಸುಮಾರು ಶೇ 20ರಷ್ಟು ಸ್ಮೆಕ್ಟೈಟ್ ಜೇಡಿ, ಸಿಹಿನೀರಿನ ಕೆರೆಯ ತಳದ್ದು.